ಮುಟ್ಟುವ ಮೊದಲು ಒಂದು ಮಾತು

ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಎ.ಎನ್.ಎಂ., ಅಂದರೆ ಹಳ್ಳಿಯ ನರ್ಸಮ್ಮ ಆಗಿ, ಸಬ್ ಸೆಂಟರ್ ಅನ್ನುವ ಹಳ್ಳಿಯ ಸಣ್ಣ ಆರೋಗ್ಯ ಕೇಂದ್ರದಲ್ಲಿ ಕೆಲಸ ಶುರು ಮಾಡಿದವಳು. ಕೊನೆಯ ವರ್ಷಗಳನ್ನು ಹೆರಿಗೆ ಕೋಣೆಯಲ್ಲೇ ಕಳೆದೆ. ಇವತ್ತು ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ. ಅದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಹೇಳುವ ಹಕ್ಕು ನನಗಿಲ್ಲ.

ಒಂದು ರಾತ್ರಿ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ ಬಂದಳು. ಚೊಚ್ಚಲ ಹೆರಿಗೆ. ಬೇನೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಒಳ ಪರೀಕ್ಷೆಗೆ ಅಂತ ಗ್ಲೌಸ್ ಹಾಕಿಕೊಂಡು ಹತ್ತಿರ ಹೋದರೆ ಸಾಕು, ಮಂಡಿ ಎರಡನ್ನೂ ಬಿಗಿಯಾಗಿ ಸೇರಿಸಿಕೊಂಡು ಟೇಬಲ್ಲಿನ ಮೇಲ್ತುದಿಗೆ ಜರುಗಿಬಿಡುತ್ತಿದ್ದಳು. ನನ್ನ ಕೈ ತಳ್ಳುತ್ತಿದ್ದಳು. ಅವತ್ತು ಇನ್ನಿಬ್ಬರು ಬೇನೆಯಲ್ಲಿದ್ದರು. ನೋಡಿಕೊಳ್ಳಲು ಇದ್ದದ್ದು ನಾನು, ಒಬ್ಬರು ಆಯಾ. ನನಗೆ ಸಿಟ್ಟು ಬಂತು. "ಗಂಡನ ಹತ್ರ ಹೋಗುವಾಗ ಈ ನಾಚಿಕೆ ಎಲ್ಲಿ ಹೋಗಿತ್ತು?" ಅಂದೆ. ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಲೇಬರ್ ರೂಮುಗಳಲ್ಲಿ ಇದು ಬಾಯಿಂದ ಬಾಯಿಗೆ ಬಂದಿದೆ. ನಾನೂ ನನ್ನ ಸೀನಿಯರ್ ಹೇಳುವುದನ್ನು ಕೇಳಿಯೇ ಕಲಿತಿದ್ದೆ.

ಆಮೇಲೆ ಆ ಹುಡುಗಿ ಸದ್ದೇ ಮಾಡಲಿಲ್ಲ. ಛಾವಣಿ ನೋಡುತ್ತಾ ಮಲಗಿದಳು. ಕಾಲು ಮಡಿಸು ಅಂದರೆ ಮಡಿಸಿದಳು, ಚಾಚು ಅಂದರೆ ಚಾಚಿದಳು. ಈಗ ದಾರಿಗೆ ಬಂದಳು ಅಂದುಕೊಂಡೆ. ಬೇನೆ ಮಾತ್ರ ನಿಂತುಹೋಯಿತು. ಡ್ರಿಪ್ ಹಾಕಿ ನೋಡಿದೆವು. ಕೊನೆಗೆ ಆಂಬುಲೆನ್ಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಅಲ್ಲಿ ಸಿಸೇರಿಯನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು.

ಒಂದೂವರೆ ತಿಂಗಳಿಗೆ ಮಗುವಿಗೆ ಲಸಿಕೆ ಹಾಕಿಸಲು ಬಂದಾಗ ಜೊತೆಯಲ್ಲಿ ಅವಳ ಅಕ್ಕ ಇದ್ದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮೇಡಂ, ಚಿಕ್ಕೋಳಿದ್ದಾಗ ನಮ್ಮನೆಯವರೇ ಒಬ್ಬರು ಅವಳಿಗೆ ಕೆಟ್ಟದ್ದು ಮಾಡಿದ್ರು. ನಮ್ಮಮ್ಮನಿಗೂ ಗೊತ್ತಿಲ್ಲ. ಅವತ್ತು ಅವಳು ಹಂಗೆ ಮಾಡಿದ್ದು ನಾಚಿಕೆಗಲ್ಲ ಮೇಡಂ."

ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಇವತ್ತು ಟ್ರಾಮಾ-ಇನ್‌ಫಾರ್ಮ್ಡ್ ಕೇರ್ ಅಂತ ಒಂದು ಮಾತು ಬಂದಿದೆ. ನಾನು ಅದನ್ನು ಗಾಯ ಅರಿತ ಆರೈಕೆ ಅನ್ನುತ್ತೇನೆ. ಗಾಯ ಮನಸ್ಸಿನದ್ದು, ಆದರೆ ಅದು ಕೂತಿರುವುದು ಮೈಯಲ್ಲಿ. ಹಿಂದಿನ ಹೆರಿಗೆಯಲ್ಲಿ ಮಗು ಕಳೆದುಕೊಂಡವಳಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಬಡಿದರೇ ಎದೆ ಹೊಡೆದುಕೊಳ್ಳುತ್ತದೆ. ಮರಗಟ್ಟುವ ಮೊದಲೇ ಹೊಲಿಗೆ ಹಾಕಿಸಿಕೊಂಡವಳು ಟ್ರೇ ಸದ್ದಿಗೇ ಬೆಚ್ಚುತ್ತಾಳೆ. ಮನೆಯಲ್ಲಿ ಪೆಟ್ಟು ತಿಂದವಳು ನಾವು ಜೋರಾಗಿ ಮಾತಾಡಿದರೆ ಕೈ ಅಡ್ಡ ಹಿಡಿಯುತ್ತಾಳೆ. ಯಾರಿಗೆ ಏನಾಗಿದೆ ಅಂತ ಹಣೆಯ ಮೇಲೆ ಬರೆದಿರುವುದಿಲ್ಲ. ತಾಯಿ ಕಾರ್ಡಿನಲ್ಲೂ ಇರುವುದಿಲ್ಲ. ಅದರಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್ ಇರುತ್ತವೆ, ಅಷ್ಟೇ.

ಇಂಥವರು ಅಪರೂಪಕ್ಕೆ ಒಬ್ಬರು ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ನಮ್ಮದು. ಮೂರು ಟೇಬಲ್ ಇರುವ ಹೆರಿಗೆ ಕೋಣೆಯಲ್ಲಿ ಒಬ್ಬಳಾದರೂ ಅಂಥವಳು ಇದ್ದೇ ಇರುತ್ತಾಳೆ ಅಂತ ಲೆಕ್ಕ ಹಾಕಿಕೊಳ್ಳಿ. ಅವಳು ಯಾರು ಅಂತ ಕೆದಕಿ ಹುಡುಕಬೇಕಿಲ್ಲ. ಬಂದ ಪ್ರತಿಯೊಬ್ಬಳನ್ನೂ ಅವಳೇ ಎಂಬಂತೆ ನೋಡಿಕೊಂಡರೆ ಆಯಿತು. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ.

ಮನೆಯಲ್ಲಿ ಹಸು, ಎಮ್ಮೆ ಸಾಕಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ. ಹಸು ಈಯುವ ಹೊತ್ತಿಗೆ ಮನೆಯಲ್ಲಿ ಹಿರಿಯರು ಏನನ್ನುತ್ತಾರೆ? ಹತ್ರ ನಿಂತ್ಕೊಂಡು ನೋಡಬೇಡಿ, ದೀಪ ಸಣ್ಣ ಮಾಡಿ, ನಾಯಿ ಓಡಿಸಿ, ಅಂತಾರೆ ಅಲ್ವಾ? ಹೊಸಬರು ಬಂದು ನಿಂತರೆ ಹಸು ಕರು ಹಾಕುವುದನ್ನು ತಡೆದುಕೊಳ್ಳುತ್ತದೆ ಅಂತ ಅವರಿಗೆ ಗೊತ್ತು. ಹೆಂಗಸಿನ ಮೈಯೂ ಹಾಗೇ ಕೆಲಸ ಮಾಡುತ್ತದೆ. ಬೇನೆ ತರುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಹೆದರಿಕೆಯಾದಾಗ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಅಡ್ರಿನಲಿನ್ ಏರಿದರೆ ಬೇನೆ ತಗ್ಗುತ್ತದೆ, ಹೆರಿಗೆ ನಿಧಾನವಾಗುತ್ತದೆ. ಆ ರಾತ್ರಿ ಹುಡುಗಿಯ ಬೇನೆಯನ್ನು ನನ್ನ ಮಾತೇ ನಿಲ್ಲಿಸಿತು ಎಂದು ನಾನು ನಂಬಿದ್ದೇನೆ. ಆಮೇಲೆ ಅದೇ ಆಕ್ಸಿಟೋಸಿನ್ನನ್ನು ಬಾಟಲಿಯಲ್ಲಿ ತಂದು ಅವಳ ಕೈಗೆ ಚುಚ್ಚಿದೆವು.

ಈಗ ಸೂಲಗಿತ್ತಿಯರ ವಿಷಯಕ್ಕೆ ಬರುತ್ತೇನೆ. ಸೂಲು ಅಂದರೆ ಹೆರಿಗೆ. ಆ ಪದವೇ ಈಗ ಮಾತಿನಿಂದ ಜಾರುತ್ತಿದೆ. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನಿಮಗೆಲ್ಲ ಗೊತ್ತು. ಶಾಲೆ ಕಲಿತವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆ. ಆಂಧ್ರದ ಗಡಿಯ ಒಣ ಸೀಮೆಯಲ್ಲಿ, ಬಸ್ಸು ರಸ್ತೆ ಇಲ್ಲದ ಕಾಲದಲ್ಲಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ. ಅದೂ ದುಡ್ಡು ಕೇಳದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಹೆರಿಗೆ ನೋಡುವ ಭಾಗ್ಯ ನನಗಿರಲಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿದ ಊರಿನಲ್ಲಿ ಒಬ್ಬ ಅಜ್ಜಿ ಇದ್ದರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಶುರುವಿನಲ್ಲಿ ನಾನು ಅವರನ್ನು ದೂರ ಇಡಲು ನೋಡಿದೆ. ಟ್ರೈನಿಂಗಿನಲ್ಲಿ ನಮಗೆ ಹಾಗೇ ಹೇಳಿಕೊಟ್ಟಿದ್ದರು. ಆಮೇಲೆ ಊರಿನವರು ನನ್ನನ್ನು ಕರೆಯುತ್ತಲೇ ಇಲ್ಲ ಅಂತ ಗೊತ್ತಾಗಿ ಅವರ ಹಿಂದೆ ಹಿಂದೆ ಹೋಗತೊಡಗಿದೆ.

ಅಜ್ಜಿ ಮನೆಯೊಳಗೆ ಬಂದ ತಕ್ಷಣ ಬಸುರಿಯ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಹಿತ್ತಲಲ್ಲಿ ಕೈಕಾಲು ತೊಳೆದು, ಒಲೆ ಮುಂದೆ ಕೂತು ಅಂಗೈ ಕಾಯಿಸಿಕೊಳ್ಳುತ್ತಿದ್ದರು. ಅಲ್ಲಿಂದಲೇ ಮಾತಾಡಿಸುತ್ತಿದ್ದರು. ಎಮ್ಮೆ ಎಷ್ಟು ಹಾಲು ಕೊಡ್ತದೆ, ನಿಮ್ಮಣ್ಣ ಊರಿಗೆ ಬಂದಿದ್ನಾ, ಇಂಥವು. ಆ ಹತ್ತು ನಿಮಿಷ ಸುಮ್ನೆ ಹೊತ್ತು ಕಳೆಯುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಬೇನೆಯನ್ನು. ಎಷ್ಟು ಹೊತ್ತಿಗೊಮ್ಮೆ ಹುಡುಗಿಯ ಮಾತು ನಿಲ್ಲುತ್ತದೆ, ಉಸಿರು ಹೇಗೆ ಬದಲಾಗುತ್ತದೆ, ಯಾವಾಗ ಗೋಡೆ ಹಿಡಿಯುತ್ತಾಳೆ. ಆಮೇಲೆ ಎಣ್ಣೆ ಹಚ್ಚಿದ ಕೈ ತೋರಿಸಿ ಕೇಳುತ್ತಿದ್ದರು, "ಮುಟ್ಲೇನವ್ವಾ?"

ಹುಡುಗಿ ಹೂಂ ಅನ್ನುವವರೆಗೂ ಮುಟ್ಟುತ್ತಿರಲಿಲ್ಲ. ಬೇನೆ ಬಂದರೆ ತೆಗೆದುಬಿಡುತ್ತಿದ್ದರು. ಓಡಾಡು ಅನ್ನುತ್ತಿದ್ದರು. ತೊಲೆಗೆ ಹಗ್ಗ ಕಟ್ಟಿ ಅದನ್ನು ಹಿಡಿದು ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದರು. ಬಿಸಿ ಗಂಜಿ ಕುಡಿಸುತ್ತಿದ್ದರು. ಅತ್ತೆ ಜೋರು ಮಾಡಿದರೆ, "ನೀನು ನೀರು ಕಾಯ್ಸೋಗವ್ವ" ಅಂತ ಆಚೆ ಕಳಿಸುತ್ತಿದ್ದರು.

ಹೆರಿಗೆ ತಡವಾದರೆ ಇನ್ನೊಂದು ಮಾಡುತ್ತಿದ್ದರು. ಮನೆಯ ಬೀಗ, ಪೆಟ್ಟಿಗೆ ಎಲ್ಲ ತೆಗೆಸುವುದು. ಬಸುರಿಯ ಜಡೆ ಬಿಚ್ಚುವುದು, ಎಲ್ಲೆಲ್ಲಿ ಗಂಟು ಇದೆಯೋ ಸಡಿಲ ಮಾಡುವುದು. ನಾನು ಇದನ್ನು ಮೂಢನಂಬಿಕೆ ಅಂತ ರಿಜಿಸ್ಟರಿನಲ್ಲಿ ಬರೆದಿದ್ದೆ. ಬೀಗ ತೆಗೆದರೆ ಗರ್ಭಕೋಶದ ಬಾಯಿ ತೆರೆಯುವುದಿಲ್ಲ, ನಿಜ. ಆದರೆ ಹೊರಗೆ ಕೈ ಕೈ ಹಿಸುಕಿಕೊಂಡು ನಿಂತ ಗಂಡನಿಗೆ ಒಂದು ಕೆಲಸ ಸಿಗುತ್ತಿತ್ತು. ತನಗೋಸ್ಕರ ಇಡೀ ಮನೆ ಬಿಚ್ಚಿಕೊಳ್ಳುತ್ತಿರುವ ಸದ್ದು ಒಳಗಿದ್ದವಳಿಗೆ ಕೇಳಿಸುತ್ತಿತ್ತು. ನಾನು ಮಾಡಿಸಿದ ಹೆರಿಗೆಗಳಲ್ಲಿ ಬಸುರಿಗೆ ಕೇಳುತ್ತಿದ್ದದ್ದು ಟ್ರೇಗಳ ಸದ್ದು, ನಮ್ಮ ಬೈಗುಳ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅದೇ ಊರಿನಲ್ಲಿ ಒಬ್ಬ ತಾಯಿಯನ್ನು ಕಳೆದುಕೊಂಡೆವು. ಮಗು ಹುಟ್ಟಿತು, ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಟ್ರ್ಯಾಕ್ಟರ್ ಹುಡುಕಿ ಹೊರಡುವಷ್ಟರಲ್ಲಿ ಅವಳ ಕೈ ತಣ್ಣಗಾಗಿತ್ತು. ಅಜ್ಜಿ ಆ ಮನೆಯ ಜಗಲಿಯಲ್ಲಿ ಬೆಳಗಾಗುವವರೆಗೂ ಕೂತಿದ್ದರು. ಹೆರಿಗೆಯಾದ ಮೇಲೆ ಸುರಿಯುವ ರಕ್ತ ಎರಡು ಗಂಟೆಯಲ್ಲಿ ಗಟ್ಟಿಮುಟ್ಟಾದ ಹೆಂಗಸನ್ನು ಮುಗಿಸಬಲ್ಲದು. ಎಷ್ಟು ಪ್ರೀತಿಯ ಕೈಯಾದರೂ ಔಷಧಿ ಇಲ್ಲದೆ ಅದನ್ನು ತಡೆಯುವುದು ಕಷ್ಟ.

ಅದಕ್ಕೇ ನನಗೆ ಬೆಳಗಾವಿಯ ಕೆಲಸದ ಬಗ್ಗೆ ಹೆಮ್ಮೆ. ಆ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮಂಥ ಎ.ಎನ್.ಎಂ.ಗಳೇ ಮನೆಗಳಲ್ಲಿ, ಸಬ್ ಸೆಂಟರುಗಳಲ್ಲಿ 1,620 ಹೆರಿಗೆ ನೋಡಿಕೊಂಡರು. ಅರ್ಧ ತಾಯಂದಿರಿಗೆ ಮಗು ಹುಟ್ಟಿದ ಕೂಡಲೇ ಗರ್ಭಕೋಶ ಬಿಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಮಾತ್ರೆ ಸಿಗದವರಲ್ಲಿ 100ಕ್ಕೆ 12 ಮಂದಿಗೆ ಜಾಸ್ತಿ ರಕ್ತ ಹೋಯಿತು. ಸಿಕ್ಕವರಲ್ಲಿ ಅದು 6ರ ಆಸುಪಾಸಿಗೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಫ್ರಿಜ್ ಬೇಡ, ಸೂಜಿ ಬೇಡ. ಪರಿಚಯದ ಎ.ಎನ್.ಎಂ., ಅವಳ ಕೈಚೀಲದಲ್ಲಿ ಮಾತ್ರೆ. ಊರಿನ ಆರೈಕೆ ಮತ್ತು ಔಷಧಿ ಒಂದೇ ಕೈಯಲ್ಲಿ ಇರಬಹುದು ಅಂತ ನಮ್ಮ ರಾಜ್ಯದಲ್ಲೇ ತೋರಿಸಿದ್ದಾರೆ.

ಸಂಪ್ರದಾಯದೊಳಗೂ ಗಾಯ ಇದೆ. ಆ ಅಜ್ಜಿಯನ್ನು ಹೆರಿಗೆಗೆ ನಡುಮನೆಗೆ ಕರೆಯುತ್ತಿದ್ದರು. ಮಗು ಹುಟ್ಟಿ, ಬಟ್ಟೆ ಒಗೆದು, ಮಾಸು ಹೂತು ಮುಗಿದ ಮೇಲೆ ಅವರಿಗೆ ಊಟ ಸಿಗುತ್ತಿದ್ದದ್ದು ಹಿತ್ತಲ ಬಾಗಿಲಲ್ಲಿ. ಹೆರಿಗೆ ಮೈಲಿಗೆ ಅಂತ ಅದನ್ನು ಮುಟ್ಟುವ ಕೆಲಸವನ್ನು ಕೆಳಗಿನವರು ಅಂತ ಎಣಿಸಿದ ಜಾತಿಗಳ ಹೆಂಗಸರ ತಲೆಗೆ ಕಟ್ಟಿದ್ದರು. ಸೂಲಗಿತ್ತಿಯರನ್ನು ಹೊಗಳುವವರು ಇದನ್ನು ಮರೆಯಬಾರದು. 2023ರ ಜುಲೈನಲ್ಲಿ ಇದೇ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಏನಾಯಿತು ಅಂತ ನೀವು ಓದಿದ್ದೀರಿ. ಸೂತಕ ಅಂತ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಮಗು ಉಳಿಯಲಿಲ್ಲ. ಇದನ್ನೂ ನಮ್ಮ ಸಂಸ್ಕೃತಿ ಎಂದೇ ಕರೆಯುತ್ತಾರೆ. ಎಣ್ಣೆ ನೀರು ಹಾಕುವ, ಹೊಟ್ಟೆಗೆ ಬಟ್ಟೆ ಕಟ್ಟುವ, ಬಾಣಂತಿಯನ್ನು ಹೂವಿನಂತೆ ನೋಡಿಕೊಳ್ಳುವ ತವರುಮನೆಯ ಬಾಣಂತನವೂ ನಮ್ಮದೇ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೋಡಲು ನನ್ನ ಅಳತೆ ಒಂದೇ. ಬಾಣಂತಿಯ ಮೈಗೆ, ಮನಸ್ಸಿಗೆ ಇದರಿಂದ ಬಲ ಬರುತ್ತದಾ?

ಊಟದ ವಿಷಯದಲ್ಲೂ ಇದೇ ಅಳತೆ. ಬಾಣಂತಿಗೆ ಮೆಣಸು, ಬೆಳ್ಳುಳ್ಳಿ, ಕೊಬ್ಬರಿ, ಅಂಟಿನುಂಡೆ ಎಲ್ಲ ಸರಿ. ಆದರೆ ನೀರು ಕುಡಿಸುವುದಿಲ್ಲ, ಸೊಪ್ಪು ಕಾಳು ಕೊಡುವುದಿಲ್ಲ, ಬರೀ ಬಿಳಿ ಅನ್ನ, ತಿಳಿಸಾರು ಅಂತ ಕಟ್ಟುನಿಟ್ಟು ಮಾಡುವ ಮನೆಗಳಿವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ವಿಟಮಿನ್ ಬಿ1 ಹೋಗಿರುತ್ತದೆ. ತಾಯಿಗೆ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ. ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು, ಹೃದಯ ಸೋತು ಆಸ್ಪತ್ರೆಗೆ ಬರುತ್ತದೆ. ಬಿ1 ಇಂಜೆಕ್ಷನ್ ಕೊಟ್ಟರೆ ಗಂಟೆಗಳಲ್ಲಿ ಚೇತರಿಸಿಕೊಳ್ಳುವ ಇಂಥ ಕೂಸುಗಳನ್ನು ನಮ್ಮ ರಾಜ್ಯದ ಮಕ್ಕಳ ವೈದ್ಯರು ನೋಡಿದ್ದಾರೆ. ಮನೆಯ ಅಜ್ಜಿಗೆ "ನಿಮ್ಮ ಪದ್ಧತಿ ತಪ್ಪು" ಅಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. "ಅಜ್ಜಿ, ನಿಮ್ಮ ಸಾರಿಗೆ ಒಂದು ಹಿಡಿ ಹೆಸರುಕಾಳು ಹಾಕಿ" ಅಂದರೆ ಹಾಕುತ್ತಾರೆ. ನಾನು ಮಾಡಿ ನೋಡಿದ್ದೇನೆ.

ಇನ್ನು ಆಸ್ಪತ್ರೆ. ಹೆರಿಗೆ ಆಸ್ಪತ್ರೆಗೆ ಬಂದದ್ದರಿಂದ ಜೀವ ಉಳಿದಿವೆ, ಇದರಲ್ಲಿ ಎರಡು ಮಾತಿಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆಗೆ ದುಡ್ಡು ಕೊಡುವ 2005ರ ಜನನಿ ಸುರಕ್ಷಾ ಯೋಜನೆ, ಆಮೇಲೆ ಬಂದ, ಬಾಣಂತಿಗೂ ಕೂಸಿಗೂ ಬೇಕಾದ ಸಾಮಾನಿನ ಮಡಿಲು ಕಿಟ್, 2008ರ 108 ಆಂಬುಲೆನ್ಸ್, ಆಶಾ ಅಕ್ಕಂದಿರ ಓಡಾಟ ಎಲ್ಲ ಸೇರಿ ಆದ ಕೆಲಸ ಇದು. 2019-21ರ ಸಮೀಕ್ಷೆಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಇವರೆಲ್ಲರನ್ನೂ ಮನೆಯಿಂದ ಕರೆದುಕೊಂಡು ಬಂದೆವು. ಕರೆತಂದ ಮೇಲೆ ಹೇಗೆ ನೋಡಿಕೊಳ್ಳುತ್ತೇವೆ?

2022ರ ನವೆಂಬರ್ ತಿಂಗಳು. ಇದೇ ತುಮಕೂರು. ಅವಳಿ ಮಕ್ಕಳ ಬಸುರಿ, ಬಡವಳು, ತಮಿಳುನಾಡಿನ ಕಡೆಯವಳು. ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು. ಮನೆಗೆ ಬಂದು ಹೆತ್ತಳು. ತಾಯಿ, ಎರಡು ಕೂಸು, ಮೂವರೂ ಹೋದರು. ಮನೆ ಹೆರಿಗೆ ಅಪಾಯ ಅಂತ ನಾವು ಊರೂರಿಗೆ ಹೋಗಿ ಹೇಳುತ್ತೇವೆ. ಅವಳು ಮನೆ ಹೆರಿಗೆ ಬೇಕು ಅಂದವಳಲ್ಲ. ನಾವು ಬಾಗಿಲು ಹಾಕಿದೆವು. ಈ ವಿಷಯ ಮಾತಾಡುವಾಗ ನನ್ನ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಬಾಗಿಲು ದಾಟಿ ಒಳಗೆ ಬಂದವರಿಗೂ ಎಷ್ಟೋ ಸಲ ಗೌರವ ಸಿಗುವುದಿಲ್ಲ. ತಾಂಡಾದಿಂದ ಬಂದ ಲಂಬಾಣಿ ಹುಡುಗಿಗೆ ನಮ್ಮ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಬೇನೆಯ ಹೊತ್ತಿನಲ್ಲಿ ಅದೂ ಮರೆತುಹೋಗುತ್ತದೆ. ನೋವಿನಲ್ಲಿ ಮನುಷ್ಯರು ಅವ್ವನ ಮಾತಿಗೆ ಮರಳುತ್ತಾರೆ. ಆಗ ಅವಳ ತಾಯಿಯನ್ನು ಹೊರಗೆ ನಿಲ್ಲಿಸಿ, ಹೇಳಿದ್ದು ಕೇಳಲ್ಲ ಅಂತ ತೊಡೆಗೆ ಹೊಡೆಯುತ್ತೇವೆ. ಇಬ್ಬರ ನಡುವೆ ಮಾತು ದಾಟಿಸಬಲ್ಲ ಒಬ್ಬಳು ಬಾಗಿಲಾಚೆಯೇ ಇರುತ್ತಾಳೆ.

ಇದೆಲ್ಲ ಮೆತ್ತಗಿನ ಮನಸ್ಸಿನವರ ಮಾತು, ಕೆಲಸದ ಒತ್ತಡದಲ್ಲಿ ಆಗುವುದಿಲ್ಲ ಅನ್ನುವವರಿದ್ದಾರೆ. ನಿಯಮ ಏನು ಹೇಳುತ್ತದೆ ನೋಡಿ. ಬೇನೆಯ ಹೊತ್ತಿನಲ್ಲಿ ಜೊತೆಗೊಬ್ಬರು ಇರಲಿ ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಗಳಲ್ಲಿ ಒಳ ಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು ಅಂತಿದೆ. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತಿದೆ. ಹೊಟ್ಟೆ ಒತ್ತಬೇಡಿ, ಹೆರಿಗೆಯ ದಾರಿ ಅಗಲ ಮಾಡಲು ಎಲ್ಲರಿಗೂ ಕತ್ತರಿ ಹಾಕಬೇಡಿ, ಅವಳಿಗೆ ಹೇಗೆ ಅನುಕೂಲವೋ ಹಾಗೆ ಕೂತು, ನಿಂತು, ಮಗ್ಗುಲಾಗಿ ಹೆರಲಿ ಅಂತಿದೆ. 2020ರಲ್ಲಿ ಆ ಸಂಸ್ಥೆ ಮಾಡಿದ ಹೊಸ ಹೆರಿಗೆ ಚಾರ್ಟಿನಲ್ಲಿ ಮಗುವಿನ ಎದೆಬಡಿತಕ್ಕೆ ಇರುವ ಹಾಗೆಯೇ ಜೊತೆಗೆ ಯಾರಿದ್ದಾರೆ, ಕುಡಿಯಲು ಏನು ಕೊಟ್ಟಿರಿ, ಯಾವ ಭಂಗಿಯಲ್ಲಿದ್ದಾಳೆ ಅಂತ ಬರೆಯಲು ಸಾಲುಗಳಿವೆ. 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಉದ್ದಕ್ಕೂ ಜೊತೆಗೊಬ್ಬರು ಇದ್ದವರಿಗೆ ಸಿಸೇರಿಯನ್ ಕಡಿಮೆ, ಹೆರಿಗೆಯೂ ಬೇಗ ಅಂತ ಕಂಡಿದೆ. ನಮ್ಮ ರಾಜ್ಯದಲ್ಲಿ 2019-21ರ ಸಮೀಕ್ಷೆಯ ಹೊತ್ತಿಗೇ 100ಕ್ಕೆ 31 ಹೆರಿಗೆ ಸಿಸೇರಿಯನ್ ಆಗಿದ್ದವು. ಬೇಕಾದವರಿಗೆ ಅದು ಪ್ರಾಣ ಉಳಿಸುತ್ತದೆ. ಹೆದರಿಕೆಗೆ ಬೇನೆ ನಿಂತವಳಿಗೆ ಬೇಕಾಗಿದ್ದದ್ದು ಬೇರೆ.

ದೂರದ ಪೆರು ದೇಶದ ಒಂದು ಕಥೆ ಹೇಳುತ್ತೇನೆ. ಅಲ್ಲಿನ ಅಯಾಕುಚೊ ಎಂಬ ಬೆಟ್ಟದ ಸೀಮೆಯಲ್ಲಿ ಕೆಚುವಾ ಭಾಷೆಯ ಜನ ಇದ್ದಾರೆ. 1980ರಿಂದ ಇಪ್ಪತ್ತು ವರ್ಷ ಅಲ್ಲಿ ಸೈನ್ಯ ಮತ್ತು ಬಂಡುಕೋರರ ನಡುವೆ ರಕ್ತಪಾತ. ಸರ್ಕಾರದ ಆಸ್ಪತ್ರೆ ಅಂದರೆ ಅಲ್ಲಿನ ಹೆಂಗಸರು ಹತ್ತಿರ ಹೋಗುತ್ತಿರಲಿಲ್ಲ. ಅಲ್ಲಿ ಮಲಗಿಸಿ ಹೆರಿಸುತ್ತಾರೆ, ಚಳಿಯಲ್ಲಿ ಬಟ್ಟೆ ತೆಗೆಸುತ್ತಾರೆ, ಮನೆಯವರನ್ನು ಬಿಡುವುದಿಲ್ಲ, ನಮ್ಮ ಮಾತು ಆಡುವುದಿಲ್ಲ ಅನ್ನುತ್ತಿದ್ದರು. ಆ ಪ್ರದೇಶದ ಒಂದು ಭಾಗದಲ್ಲಿ ಆಸ್ಪತ್ರೆಯವರು ಹೆಂಗಸರನ್ನೇ ಕೂರಿಸಿಕೊಂಡು ಕೇಳಿದರು. ಹೆರಿಗೆ ಕೋಣೆಗೆ ಹಗ್ಗ ಬಂತು, ಕೂರಲು ಗಿಡ್ಡನೆಯ ಬೆಂಚು ಬಂತು. ಗಂಡ, ಅವ್ವ, ಊರಿನ ಸೂಲಗಿತ್ತಿ ಒಳಗೆ ಬಂದರು. ಕೆಚುವಾ ಮಾತು ಬಂತು. 1999ರಲ್ಲಿ ಅಲ್ಲಿ 100ಕ್ಕೆ 6 ಹೆರಿಗೆ ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. 2007ಕ್ಕೆ 83 ಆದವು. ಹೊಸ ಮೆಷಿನ್ನಿಗಿಂತ ಜಾಸ್ತಿ ಕೆಲಸ ಮಾಡಿದ್ದು ಹಗ್ಗ, ಬೆಂಚು ಮತ್ತು ಅವರ ಮಾತು. ನಮ್ಮ ಅಜ್ಜಿಯ ತೊಲೆಯ ಹಗ್ಗ ಅಷ್ಟು ದೂರದಲ್ಲೂ ಇದೆ ನೋಡಿ.

ಮನೆಯಲ್ಲೇ ಹೆರುತ್ತೇನೆ ಅನ್ನುವವರು ಈಗ ಪೇಟೆಯಲ್ಲೂ ಇದ್ದಾರೆ. ಅವರನ್ನು ಹುಚ್ಚರು ಅನ್ನಬೇಡಿ. ಹೆಚ್ಚಿನವರು ಆಸ್ಪತ್ರೆಯಲ್ಲಿ ಒಮ್ಮೆ ನೊಂದವರು. ಅವರ ಜೊತೆ ಸತ್ಯ ಮಾತಾಡಿ. ಇಂಗ್ಲೆಂಡಿನಲ್ಲಿ ತೊಂದರೆ ಇಲ್ಲದ ಸುಮಾರು 64,000 ಹೆರಿಗೆಗಳನ್ನು ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಎರಡನೆಯ, ಮೂರನೆಯ ಹೆರಿಗೆಯವರಿಗೆ ಮನೆಯಲ್ಲಿ ಮಗುವಿಗೆ ಅಪಾಯ ಹೆಚ್ಚೇನೂ ಇರಲಿಲ್ಲ. ಚೊಚ್ಚಲದವರಲ್ಲಿ ಮಾತ್ರ ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5 ಇದ್ದದ್ದು ಮನೆಯಲ್ಲಿ 9 ಇತ್ತು. ಮನೆಯಲ್ಲಿ ಶುರು ಮಾಡಿದ ಚೊಚ್ಚಲದವರಲ್ಲಿ 100ಕ್ಕೆ 45 ಮಂದಿ ಮಧ್ಯದಲ್ಲೇ ಆಸ್ಪತ್ರೆಗೆ ಹೋದರು. ಅದೂ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸಲೆಂದೇ ತರಬೇತಾದವಳು, ಪಕ್ಕದಲ್ಲಿದ್ದು, ಆಂಬುಲೆನ್ಸ್ ಕರೆದರೆ ಬರುವ ದೇಶದಲ್ಲಿ. ವಿಡಿಯೋ ನೋಡಿಕೊಂಡು ಮನೆಯವರೇ ಹೆರಿಗೆ ಮಾಡಿಸುವುದು ಇದಕ್ಕೆ ಸೇರುವುದೇ ಇಲ್ಲ. 2018ರಲ್ಲಿ ತಿರುಪ್ಪೂರಿನಲ್ಲಿ ಹಾಗೆ ಮಾಡಿ ಒಬ್ಬ ತಾಯಿ ರಕ್ತ ಹೋಗಿ ತೀರಿಕೊಂಡಳು. ಬಿ.ಪಿ. ಇರುವವಳು, ಅವಳಿ ಮಕ್ಕಳಿರುವವಳು, ಮೊದಲು ಸಿಸೇರಿಯನ್ ಆದವಳು, ರಕ್ತ ತೀರಾ ಕಡಿಮೆ ಇರುವವಳು ಮನೆಯಲ್ಲಿ ಹೆರುವಂತಿಲ್ಲ. ಇದನ್ನು ಕೈ ಹಿಡಿದುಕೊಂಡು ಹೇಳಿ, ಹೆದರಿಸಬೇಡಿ.

2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿಗೆ ಮಾರ್ಗಸೂಚಿ ತಂದಿದೆ. ಹದಿನೆಂಟು ತಿಂಗಳ ತರಬೇತಿ, ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಘಟಕ. ನಿಮ್ಮಲ್ಲಿ ಕೆಲವರಾದರೂ ಆ ದಾರಿಗೆ ಹೋಗಿ. ಹೋಗದಿದ್ದರೂ ನಾಳೆ ಡ್ಯೂಟಿಗೆ ಹೋದಾಗ ಮಾಡಬಹುದಾದದ್ದು ಇದೆ. ಹೆಸರು ಕೇಳಿ, ಹೆಸರಿಟ್ಟು ಕರೆಯಿರಿ. ಒಳ ಪರೀಕ್ಷೆಗೆ ಮೊದಲು, ಏನು ಮಾಡುತ್ತೇನೆ, ಯಾಕೆ, ಎಷ್ಟು ಹೊತ್ತು ಅಂತ ಹೇಳಿ. "ಸಾಕು ಅಂದ್ರೆ ನಿಲ್ಲಿಸ್ತೀನಿ" ಅನ್ನಿ, ಅಂದರೆ ನಿಲ್ಲಿಸಿ. ಹೊದಿಕೆ ಬೇಕಾದಷ್ಟೇ ಸರಿಸಿ. ಅವಳು ಇದ್ದಕ್ಕಿದ್ದಂತೆ ಮೌನವಾದರೆ, ಛಾವಣಿ ನೋಡತೊಡಗಿದರೆ, ಅದನ್ನು ವಿಧೇಯತೆ ಅಂತ ತಿಳಿಯಬೇಡಿ. ಕೈ ತೆಗೆಯಿರಿ. ಮುಖದ ಹತ್ತಿರ ಬಂದು, "ನಾನು ಸಿಸ್ಟರ್, ನೀವು ಆಸ್ಪತ್ರೆಯಲ್ಲಿದ್ದೀರಿ, ನಿಮ್ಮಮ್ಮ ಪಕ್ಕದಲ್ಲೇ ಇದ್ದಾರೆ" ಅಂತ ಮೆಲ್ಲಗೆ ಹೇಳಿ. ಜೀವಕ್ಕೆ ಅಪಾಯ ಬಂದು ಬೇಗ ಬೇಗ ಮಾಡಲೇಬೇಕಾದಾಗಲೂ ಬಾಯಿ ಖಾಲಿ ಇರುತ್ತದೆ. ಕೈ ಕೆಲಸ ಮಾಡುತ್ತಿರಲಿ, ಬಾಯಿ ಹೇಳುತ್ತಿರಲಿ. ಆಮೇಲೆ ಮರುದಿನ ಹೋಗಿ, ಯಾಕೆ ಹಾಗೆ ಮಾಡಬೇಕಾಯಿತು ಅಂತ ಕೂತು ತಿಳಿಸಿ.

ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು. "ಮೇಡಂ, ನಾವು ಪೋಸ್ಟಿಂಗ್‌ಗೆ ಹೋಗೋ ಕಡೆ ಒಂದೇ ರೂಮಲ್ಲಿ ಮೂರು ಟೇಬಲ್ ಇದೆ. ಒಬ್ಬರ ಅಮ್ಮ ಒಳಗೆ ಬಂದ್ರೆ ಇನ್ನೊಬ್ಬರಿಗೆ ಮುಜುಗರ. ಅದಕ್ಕೇ ಯಾರನ್ನೂ ಬಿಡಲ್ಲ ಅಂತಾರೆ."

ನಮ್ಮಲ್ಲೂ ಇದೇ ಕಾರಣ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆ ರಾತ್ರಿ ಬೇನೆ ನಿಂತ ಹುಡುಗಿಯ ಅಕ್ಕ ಬಂದುಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಪರದೆಗೆ ಓಡಾಡಿದ್ದು. ಹಣ ಇಲ್ಲ ಅಂದರು. ಊರಿನ ಸ್ತ್ರೀಶಕ್ತಿ ಸಂಘದವರಿಗೆ ಹೇಳಿದೆ. ಅವರಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವರು ಇಬ್ಬರು. ಎಲ್ಲರೂ ಆ ಟೇಬಲ್ ಮೇಲೆ ಮಲಗಿ ಎದ್ದವರೇ, ವಿವರಿಸಬೇಕಾಗಲಿಲ್ಲ. ತಂತಿ ಕಟ್ಟಿದ್ದು ಆಂಬುಲೆನ್ಸ್ ಡ್ರೈವರ್. ಹಸಿರು ಬಟ್ಟೆ, ಒಗೆದು ಹಾಕಲು ಆಗುವಂಥದ್ದು, ಎರಡು ಜೊತೆ. ಒಂದು ವಾರದಲ್ಲಿ ಬಂತು.

ಪರದೆ ಕಟ್ಟಿದ ರಾತ್ರಿ ಒಬ್ಬಳ ಅಜ್ಜಿ ಒಳಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದರು, "ನಾನು ಅವಳನ್ನ ಮುಟ್ಟಬಹುದೇನವ್ವಾ?" ಅವಳನ್ನೇ ಕೇಳಿ ಅಜ್ಜಿ, ಅಂದೆ.